ಬುರುಲ್ ಅಪಾ ತವರಿಗೆ ಹೋದದ್ದು

ನಮ್ಮೂರಿಗೆ ಸೊಸೆಯಾಗಿ ಬಂದವಳ ತವರು ತೀರಾ ದೂರವಿದ್ದರೆ, ಊರವರೇ ಹತ್ತಿರದಲ್ಲಿ ಇನ್ನೊಂದು ತವರು ಹುಡುಕಿಕೊಡುತ್ತಾರೆ. ಕಿರ್ಗಿಜರಾದ ನಮ್ಮಲ್ಲಿ ಇದು ಹಳೆಯ ಪದ್ಧತಿ. ಯಾರು ಶುರು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ನಾನು ತಲಾಸಿನವಳು. ತಲಾಸಿಗೂ ಈ ನಾರಿನ್ ಸೀಮೆಗೂ ನಡುವೆ ಇರುವ ಬೆಟ್ಟಗಳನ್ನೆಲ್ಲ ದಾಟುವಷ್ಟರಲ್ಲಿ, ಅಳುತ್ತ ಹೊರಟ ಹುಡುಗಿಗೆ ಯಾಕೆ ಅಳುತ್ತಿದ್ದೆನೆಂಬುದೇ ಮರೆತುಹೋಗಿರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಅತ್ತೆ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿಯನ್ನು ಬಿಸಿಬಿಸಿಯಾಗಿ ಕರಿದು ಬಟ್ಟೆಯಲ್ಲಿ ಕಟ್ಟಿಕೊಂಡು, ನನ್ನ ಕೈ ಹಿಡಿದು, ಕಾಲುವೆಯಾಚೆ ನೀಲಿ ಕಿಟಕಿಯ ಒಂದು ಮನೆಗೆ ಕರೆದೊಯ್ದಳು.

"ತಗೋ ಬುರುಲ್, ನಿಂಗೆ ಇನ್ನೊಬ್ಬ ಮಗಳು. ಹೆಸರು ಜಾಂಗಿಲ್. ಬಾಯಿ ಸ್ವಲ್ಪ ಜೋರು, ಆಮೇಲೆ ಹೇಳ್ಲಿಲ್ಲ ಅನ್ಬೇಡ."

"ನಿನ್ ಮನೇಲಿ ಬಾಯಿ ಇಲ್ದಿದ್ರೆ ಬಾಳಕ್ಕಾಗುತ್ತಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಕುಳ್ಳಗಿನ ಹೆಂಗಸು. "ಬಾ ಮಗಳೇ, ಒಳಗ್ ಬಾ. ನೀನ್ ಹೊರಡು, ಅತ್ತೇನ ಕಟ್ಕೊಂಡು ಯಾರೂ ತವರಿಗೆ ಬರಲ್ಲ."

ಹೀಗೆ ಬುರುಲ್ ನನಗೆ ಅಪಾ ಆದಳು. ಹೆತ್ತ ತಾಯಿಯನ್ನು ನಾವು ಕರೆಯುವುದೂ ಹಾಗೆಯೇ. ಅವಳಿಗೆ ನನ್ನಂಥ ಹೆಣ್ಣುಮಕ್ಕಳು ಇನ್ನೂ ಆರು ಜನ ಇದ್ದರು. ನಮ್ಮಲ್ಲಿ ಹಿರಿಯವಳು ಸಿರ್ಗಾ, ಊರ ಶಾಲೆಯ ಅಡುಗೆಯವಳು.

ಅಪಾ ನಮಗೆ ಮಾಡಿದ್ದೇನು ಎಂದು ಕೇಳಿದರೆ ಹೇಳುವುದು ಕಷ್ಟ, ದೊಡ್ಡದೇನನ್ನೂ ಮಾಡಲಿಲ್ಲ. ಬಾಗಿಲು ದಾಟಿದ ಕೂಡಲೇ ತಲೆಯ ಬಟ್ಟೆಯನ್ನು ತಾನೇ ಕಿತ್ತು ಗೂಟಕ್ಕೆ ಹಾಕುತ್ತಿದ್ದಳು. ಒಲೆಯ ಪಕ್ಕ ಕಾಲು ಚಾಚಿ ಕೂರಿಸುತ್ತಿದ್ದಳು. ಗಟ್ಟಿ ಕೆನೆಯ ಬಟ್ಟಲನ್ನು ಮುಂದಿಟ್ಟು, ಅದು ಮುಗಿಯುವವರೆಗೆ ಏನಾಯಿತೆಂದು ಕೇಳುತ್ತಿರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ತೋಳು ಮಡಚಿ, "ಸರಿ, ಈಗ ಹೇಳು, ಯಾರ್ ಜೊತೆ ಜಗಳಕ್ಕೆ ಹೋಗ್ಬೇಕು?" ಎನ್ನುತ್ತಿದ್ದಳು. ನಾವು ಸೊಸೆಯಂದಿರು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಅದಕ್ಕೂ ಅವಳಲ್ಲಿ ಮದ್ದಿತ್ತು. "ಬಾಗಿಲು ಹಾಕಿದೀನಿ, ನಿಮ್ ಮಾವನ ಹೆಸರು ಒಂದ್ಸಲ ಗಟ್ಟಿಯಾಗಿ ಕೂಗ್ಬಿಡು, ಹಗುರ ಆಗುತ್ತೆ." ನಾನು ಕೂಗಿದೆ. ನಿಜವಾಗಿಯೂ ಹಗುರಾಯಿತು. ಆ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆತ್ತ ತಾಯಿಯನ್ನು ಬಿಟ್ಟರೆ ನಾನು ಇವಳಷ್ಟು ಪ್ರೀತಿಸಿದ ಹೆಂಗಸು ಇನ್ನೊಬ್ಬಳಿಲ್ಲ.

ಇಷ್ಟೆಲ್ಲ ಇದ್ದೂ, ಊರಿಗೆಲ್ಲ ತವರಾದವಳು ತಾನು ಮಾತ್ರ ತವರಿಗೆ ಹೋಗುತ್ತಿರಲಿಲ್ಲ. ತವರೇನು ದೂರವೇ? ಹೊಳೆಯಾಚೆ. ಅವಳ ಅಂಗಳದಲ್ಲಿ ನಿಂತರೆ ಆ ಮನೆಯ ಮುಂದಿನ ಮರಗಳು ಕಾಣುತ್ತವೆ, ಬೆಳಿಗ್ಗೆ ಒಲೆ ಹಚ್ಚಿದರೆ ಹೊಗೆಯೂ ಕಾಣುತ್ತದೆ. ಅಲ್ಲಿ ಅವಳ ಅಣ್ಣ ಇಮಾನಾಲಿ ಇದ್ದಾನೆ.

ಕಾರಣ ಕೇಳಿದರೆ ನಗುತ್ತೀರಿ. ಒಂದು ತುಂಡು ಮಾಂಸ.

ನಮ್ಮಲ್ಲಿ ಕುರಿ ಕಡಿದು ಬೇಯಿಸಿದ ಮೇಲೆ ಯಾರಿಗೆ ಯಾವ ಎಲುಬು ಎಂಬುದಕ್ಕೆ ಲೆಕ್ಕವಿದೆ. ಹಿರಿಯರದು ಹಿರಿಯರಿಗೆ, ಎದೆಯ ಭಾಗ ಅಳಿಯನಿಗೆ. ಬುರುಲ್‌ಳ ಗಂಡ ತೊಲೊಮುಶ್, ಮದುವೆಯಾದ ಮೇಲೆ ಮೊದಲ ಸಲ ಮಾವನ ಮನೆಗೆ ಊಟಕ್ಕೆ ಹೋದಾಗ, ಗಡಿಬಿಡಿಯಲ್ಲಿ ಎದೆಯ ಭಾಗ ಯಾರೋ ನೆಂಟನ ತಟ್ಟೆಗೆ ಬಿತ್ತು. ಹೊಸ ಅಳಿಯನ ಮುಂದೆ ಬಂದದ್ದು ಬೆನ್ನೆಲುಬಿನ ಒಂದು ಚೂರು. ತೊಲೊಮುಶ್ ಕುದುರೆ ಕಾಯುವವನು, ನಮಗೆಲ್ಲ ಅಪ್ಪ. ಒಳ್ಳೆಯವನೇ, ಆದರೆ ಕೋಪ ಮೂಗಿನ ತುದಿಯಲ್ಲಿ. ಕೈ ತೊಳೆದು ಎದ್ದವನು ಹೆಂಡತಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ವಾಪಸು ಬಂದುಬಿಟ್ಟ. ಅವರಾಗಿ ಬಂದು ಕರೆಯಲಿ ಎಂದು ಇವನು. ಬಡಿಸಿದ್ದನ್ನು ಮುಟ್ಟದೆ ಎದ್ದುಹೋದವನು ತಾನಾಗಿ ಬರಲಿ ಎಂದು ಅವರು. ನಲವತ್ತು ವರ್ಷ ಕಳೆಯಿತು. ತನ್ನ ಹೆತ್ತವರು ಸತ್ತಾಗ ಅಪಾ ಹೋಗಿ, ಎದೆ ಬಡಿದುಕೊಂಡು ಅತ್ತು, ಊಟಕ್ಕೆ ಕೂರದೆ ಬಂದಿದ್ದಳು. ಸಾವಿಗೆ ಹೋಗುವುದು ಬೇರೆ, ತವರಿಗೆ ಹೋಗುವುದು ಬೇರೆ.

ನನಗಂತೂ ಆ ಗಂಡ, ಆ ಅಣ್ಣ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಹೊಳೆಗೆ ಇಳಿಸಬೇಕೆನಿಸುತ್ತಿತ್ತು.

ಹೋದ ವರ್ಷ, ಆಲೂಗಡ್ಡೆ ಕೀಳುವ ಕಾಲ. ಅಪಾ ಹಿಟ್ಟು ಲಟ್ಟಿಸಿ ಸಾರಿಗೆ ಎಳೆಎಳೆಯಾಗಿ ಕತ್ತರಿಸುತ್ತಿದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಅಂಗಡಿಯ ಹತ್ತಿರ ಕಿವಿಗೆ ಬಿದ್ದಿದ್ದನ್ನು ಹೇಳಿದೆ.

"ಹೊಳೆಯಾಚೆ ಇಮಾನಾಲಿ ಮನೆ ಕೆಡವ್ತಾರಂತೆ ಅಪಾ. ಮಗ ಹೊಸ ಮನೆ ಕಟ್ಟಿಸ್ತಾನಂತೆ."

ಚಾಕು ನಿಂತಿತು. "ಯಾವಾಗಂತೆ?"

"ಆಲೂಗಡ್ಡೆ ಒಳಗೆ ಬಂದ್ಮೇಲೆ."

"ಮಣ್ಣಿನ ಗೋಡೆ, ಎಷ್ಟು ದಿನ ಅಂತ ನಿಲ್ಲುತ್ತೆ ಪಾಪ," ಎಂದು ಮತ್ತೆ ಕತ್ತರಿಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ, "ಅದು ಹೋಗೋಕ್ ಮುಂಚೆ ಒಂದ್ ರಾತ್ರಿ ಅಲ್ಲಿ ಮಲಗ್ಬೇಕು ಅಂತ ಆಸೆ ಇತ್ತು ಕಣೇ," ಎಂದಳು.

"ಹೋಗಿ ಮಲಗು. ಕೈಕಾಲು ಕಟ್ಟಿದಾರಾ?"

"ಒಬ್ಳೇ ಹೋದ್ರೆ ಗಂಡನ್ನ ಬಿಟ್ಟು ಬಂದ್ಲು ಅಂತಾರೆ. ಯಜಮಾನ್ರೇ ಕರ್ಕೊಂಡ್ಹೋಗಿ ಬಿಟ್ಟು ಬರ್ಬೇಕು, ಅದೇ ಮರ್ಯಾದೆ."

"ಹಾಗಾದ್ರೆ ಅಪ್ಪನ್ನ ಕೇಳು."

"ಹಿಟ್ಟು ಒಣಗ್ತಿದೆ, ನಿನ್ ಬಾಯಿಗೆ ಸ್ವಲ್ಪ ಬಿಡುವು ಕೊಡು," ಎಂದಳು. ನಮಗಾಗಿ ಊರೆಲ್ಲ ಜಗಳವಾಡಿದವಳು ತನ್ನ ಒಂದು ಆಸೆಯನ್ನು ಗಂಡನ ಮುಂದೆ ಹೇಳಲಾರದೆ ಕೂತಿದ್ದಾಳಲ್ಲ.

ನೆಟ್ಟಗೆ ಸಿರ್ಗಾಳ ಹತ್ತಿರ ಹೋದೆ. ಅವಳು ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಎಲ್ಲ ಕೇಳಿ, ಕೈ ಒರೆಸಿಕೊಂಡು, "ನಾವು ನಮ್ಮ ಪಾಲು ಕೇಳೇ ಇಲ್ಲ ಅಲ್ವೇನೇ?" ಎಂದಳು.

ಮದುವೆಯಾದ ಮಗಳು ತವರಿಗೆ ಬಂದು ತನ್ನ ಪಾಲು ಎಂದು ಏನಾದರೂ ಕೇಳಿದರೆ, ತಂದೆಯಾದವನು ಇಲ್ಲ ಎನ್ನುವಂತಿಲ್ಲ. ಕರು ಕೇಳಿದರೆ ಕರು, ಕುದುರೆ ಕೇಳಿದರೆ ಕುದುರೆ. ಹೆತ್ತವರಲ್ಲಿ ನಾವೆಲ್ಲ ಕೇಳಿ ಪಡೆದಿದ್ದೆವು. ಈ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಮಾರನೆಯ ದಿನ ಏಳು ಜನವೂ ಹೋದೆವು. ತೊಲೊಮುಶ್ ಅಪ್ಪ ಅಂಗಳದಲ್ಲಿ ಜೀನು ಹೊಲಿಯುತ್ತಿದ್ದ.

"ಏನಿದು, ದಂಡೆತ್ತಿ ಬಂದಿದೀರ?"

"ಪಾಲು ಕೇಳೋಕ್ ಬಂದ್ವಿ ಅಪ್ಪ," ಎಂದಳು ಸಿರ್ಗಾ.

ಅವನ ಮುಖ ಅರಳಿತು. ಕೊಡುವುದೆಂದರೆ ಅವನಿಗೆ ಬಲು ಇಷ್ಟ. "ಇಷ್ಟ್ ದಿನಕ್ಕೆ ಬುದ್ಧಿ ಬಂತು ನೋಡಿ. ಕೇಳಿ, ಕೇಳಿ. ಆ ಕಪ್ಪು ಕುದುರೆ ಒಂದನ್ನ ಬಿಟ್ಟು ಏನ್ ಬೇಕಾದ್ರೂ ಕೇಳಿ."

"ಎಲ್ರಿಗೂ ಸೇರಿ ಒಂದೇ. ಅಪಾನ ಅವಳ ತವರಿಗೆ ಕರ್ಕೊಂಡ್ಹೋಗಿ ಬಿಟ್ಟು ಬನ್ನಿ."

ಸೂಜಿ ಅಲ್ಲೇ ನಿಂತಿತು. ಅಪ್ಪ ಜೀನನ್ನೇ ನೋಡುತ್ತ, "ಕಪ್ಪು ಕುದುರೆ ತಗೊಂಡ್ಹೋಗಿ," ಎಂದ.

"ಕುದುರೆ ಬೇಡ."

"ಅದರ್ ಮರೀನೂ ಸೇರಿಸಿ ಕೊಡ್ತೀನಿ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಎದೆ ಮಾಂಸ ನಲವತ್ತು ವರ್ಷದಿಂದ ಆರಿ ತಣ್ಣಗಾಗಿದೆ ಅಪ್ಪ. ಈಗ ನಿಮಗೆ ಹಲ್ಲೂ ಇಲ್ಲ, ಕೊಟ್ರೂ ತಿನ್ನೋರ್ಯಾರು?"

ಸಿರ್ಗಾ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಹಾಲಿನ ಬಕೆಟ್ ಹಿಡಿದು ಅಪಾ ಕೊಟ್ಟಿಗೆಯಿಂದ ಬಂದಳು. ನಮ್ಮೆಲ್ಲರ ಮುಖ ನೋಡಿ ಅರ್ಥ ಮಾಡಿಕೊಂಡಳು. "ಯಾರೇ ನಿಮಗೆ ಇದನ್ನೆಲ್ಲ ಹೇಳ್ಕೊಟ್ಟೋರು? ನಂಗೇನೂ ಬೇಡ. ಏಳಿ, ಹಾಲು ಕುಡೀರಿ," ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ಹೊಳೆಯಾಚೆಯ ಮರಗಳ ಕಡೆ ಹೋಯಿತು. ಅಪ್ಪ ಅದನ್ನು ನೋಡಿದ.

"ನಿಂಗೆ ಹೋಗ್ಬೇಕು ಅಂತ ಇತ್ತಾ?"

"ಇಲ್ದೆ ಏನು? ನಾನೇನು ಕಲ್ಲಾ?"

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಅಪ್ಪ ಜೀನನ್ನು ಕೆಳಗಿಟ್ಟ. ಸೂಜಿಯನ್ನು ಎಲ್ಲಿ ಚುಚ್ಚಿಡುವುದೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಗಂಡನ ಕಾರು ಓಡುತ್ತಾ, ಇಲ್ಲಾ ನಿನ್ ಬಾಯಿ ಮಾತ್ರ ಓಡುತ್ತಾ?" ಎಂದು ಗದರಿದ. ಆ ಮುದುಕನ ಮೇಲೆ ನನಗಿದ್ದ ಸಿಟ್ಟೆಲ್ಲ ಆಗಲೇ ಇಳಿದುಹೋಯಿತು.

ಕಾರು ನಾನೇ ಓಡಿಸಿದೆ. ಹಿಂದೆ ಅಪಾ, ಮಡಿಲಲ್ಲಿ ಬೋರ್ಸೋಕಿನ ಗಂಟು. ಪಕ್ಕದಲ್ಲಿ ಅಪ್ಪ, ಹೊಸ ಟೋಪಿ. ಸೇತುವೆ ದಾಟುವಾಗ ಅವನು, "ನಿಧಾನ ಹೋಗು, ನಿಧಾನ," ಎಂದ. ಅದಕ್ಕಿಂತ ನಿಧಾನ ಹೋದರೆ ಕಾರು ನಿಂತೇಹೋಗುತ್ತಿತ್ತು. ಕರೆಯದೆ ಹೋಗುತ್ತಿದ್ದೇವೆ, ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರೆ ಏನು ಗತಿ ಎಂಬ ಹೆದರಿಕೆ ನನಗೂ ಇತ್ತು.

ಅಂಗಳದ ತುಂಬ ಇಟ್ಟಿಗೆ, ತಗಡು. ಮನೆಯ ಸಾಮಾನೆಲ್ಲ ಆಗಲೇ ಹೊರಗೆ ಬಂದು ಕೊಟ್ಟಿಗೆ ಸೇರಿತ್ತು. ಕೋಲೂರಿಕೊಂಡು ಇಮಾನಾಲಿ ಬಂದ. ಎತ್ತರದ ಆಳು, ಕಣ್ಣು ಮಾತ್ರ ಥೇಟ್ ಅಪಾಳದೇ. ತಂಗಿಯನ್ನು ನೋಡಿದ, ಅವಳ ಗಂಡನನ್ನು ನೋಡಿದ, ಕಾರನ್ನು ನೋಡಿದ.

"ಹೋಗುವಾಗ ಕುದುರೆ ಮೇಲೆ ಹೋದೆ, ಬರುವಾಗ ಕಾರಲ್ಲಿ ಬಂದಿದೀಯ. ಅಷ್ಟು ದೂರ ಇತ್ತಾ ದಾರಿ?" ಎಂದು ಅಪ್ಪನನ್ನು ಕೇಳಿದ.

"ನಿನ್ ಕಡೆಯಿಂದಾನೂ ಅಷ್ಟೇ ದೂರ ಇತ್ತಲ್ಲ," ಎಂದ ಅಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅಪಾ ಗಂಟು ಹಿಡಿದು ನಡುವೆ ನಿಂತಿದ್ದಳು. ಇಮಾನಾಲಿ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ತಂಗಿಯ ತಲೆ ಹಿಡಿದು ಹಣೆಗೆ ಮುತ್ತಿಟ್ಟ. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, "ಕುರಿ ಹಿಡೀರೋ, ಮನೆಮಗಳು ಬಂದಿದಾಳೆ," ಎಂದು ಕೂಗಿದ.

ಊಟಕ್ಕೆ ಕೂತಾಗ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಇಮಾನಾಲಿಯ ಸೊಸೆ ಗಡಿಬಿಡಿಯಲ್ಲಿ ತಟ್ಟೆ ಹಂಚುತ್ತ, ಮತ್ತೆ ಅದೇ ಬೆನ್ನೆಲುಬಿನ ಚೂರನ್ನು ಅಪ್ಪನ ಮುಂದೆ ಇಟ್ಟುಬಿಟ್ಟಳು. ಇಮಾನಾಲಿ ತಟ್ಟೆ ಕಸಿಯಲು ಕೈಚಾಚಿದ. ಅಪ್ಪ ಬಿಡಲಿಲ್ಲ.

"ಇರ್ಲಿ ಬಿಡಯ್ಯ. ಈ ಮನೇಲಿ ನನ್ ಪಾಲು ಇದೇ ಅಂತ ಬರೆದಿದೆ," ಎಂದು ಚೂರನ್ನು ಎತ್ತಿಕೊಂಡು ಚೀಪಿದ. ಎದೆಯ ಭಾಗವನ್ನು ಇಮಾನಾಲಿ ತನ್ನ ಕೈಯಾರೆ ಬಿಡಿಸಿ ಅವನ ಬಾಯಿಗಿಟ್ಟ. ಎರಡನ್ನೂ ತಿಂದ. ಹಲ್ಲಿಲ್ಲದಿದ್ದರೂ ಏನೂ ಉಳಿಸಲಿಲ್ಲ.

ನಾವು ಹೊರಡುವಾಗ ಇಮಾನಾಲಿ ತಲೆ ತಗ್ಗಿಸಿಕೊಂಡು, "ನಾಳೆ ಬೆಳಿಗ್ಗೆ ಕೆಡವೋಕೆ ಆಳುಗಳು ಬರ್ತಾರೆ ತಂಗಿ. ಮೊದಲೇ ಗೊತ್ತಿದ್ದಿದ್ರೆ..." ಎಂದ.

"ಒಂದ್ ರಾತ್ರಿ ಸಾಕು," ಎಂದಳು ಅಪಾ.

ಒಲೆಯಿದ್ದ ಕೋಣೆಗೆ ಹಾಸಿಗೆಯನ್ನು ಮತ್ತೆ ಹೊತ್ತು ತಂದರು. ನಾನೂ ಅಪ್ಪನೂ ವಾಪಸು ಬಂದೆವು.

ಬೆಳಿಗ್ಗೆ ನಾನು ಹಾಲು ಕರೆದು ಮುಗಿಸುವ ಮುಂಚೆಯೇ ಅಪ್ಪ ನಮ್ಮ ಗೇಟಿನಲ್ಲಿ ನಿಂತಿದ್ದ. ಒಬ್ಬನೇ ಮಾಡಿಕೊಂಡ ಚಹಾ ಕುಡಿಯಲಾಗಲಿಲ್ಲವಂತೆ. "ಹೋಗಿ ಕರ್ಕೊಂಡ್ ಬರೋಣ, ಪಾಪ, ಗೋಡೆ ಬೀಳೋದನ್ನ ಅವಳು ನೋಡೋದ್ ಬೇಡ," ಎಂದ.

ಮನೆಗೆಲಸ ಮುಗಿಸಿ ಹೋಗಿ ನೋಡಿದರೆ ಗೋಡೆಯ ಮಣ್ಣು ಒಂದಿಷ್ಟೂ ಉದುರಿರಲಿಲ್ಲ. ಆಳುಗಳು ಹಾರೆ, ಸುತ್ತಿಗೆಗಳನ್ನು ಪಕ್ಕಕ್ಕಿಟ್ಟು ಮರದ ದಿಮ್ಮಿಗಳ ಮೇಲೆ ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರು. ಬಿಸಿಲು ಆಗಲೇ ಮೇಲೆ ಬಂದಿತ್ತು. ಇಮಾನಾಲಿ ಬಾಗಿಲಿಗೆ ಅಡ್ಡಲಾಗಿ ಸ್ಟೂಲ್ ಹಾಕಿಕೊಂಡು, ಮೊಣಕಾಲ ಮೇಲೆ ಕೋಲಿಟ್ಟು ಕೂತಿದ್ದ. ನಮ್ಮನ್ನು ಕಂಡವನೇ ಬೆರಳನ್ನು ತುಟಿಯ ಮೇಲಿಟ್ಟ.

"ಮೆಲ್ಲಗೆ. ಹುಡುಗಿ ಮಲಗಿದಾಳೆ."

ಆಳುಗಳ ಮೇಸ್ತ್ರಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಬೆಳಗಿಂದ ಹೀಗೇ ಅಕ್ಕ, ಒಳಗೆ ಹುಡುಗಿ ಇದಾಳೆ ಅಂತ ಕೂರಿಸಿದಾರೆ. ಎಷ್ಟು ದೊಡ್ಡ ಹುಡುಗಿ?"

"ಅರವತ್ತೈದು ದಾಟಿದೆ," ಎಂದೆ.

"ಯಾವಾಗ ಏಳ್ತಾರೆ ತಾತ?" ಎಂದು ಮೇಸ್ತ್ರಿ ಇಮಾನಾಲಿಯನ್ನೇ ಕೇಳಿದ.

"ಅವಳಿಗೆ ಎಚ್ಚರ ಆದಾಗ."

ತೊಲೊಮುಶ್ ಅಪ್ಪ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಬೂಟಿನ ಸದ್ದಾಗದಂತೆ ಹೆಜ್ಜೆ ಇಡುತ್ತ ಹೋಗಿ, ಭಾವನ ಪಕ್ಕದಲ್ಲಿ ನೆಲದ ಮೇಲೆ ಕೂತ.