ಚಾಮರಾಜಪೇಟೆಯಿಂದ ಆಕಾಶಕ್ಕೆ ಒಂದು ಗಟ್ಟಿ ಜಾಯ್‌ಸ್ಟಿಕ್

ಮೂರನೇ ಜಾಯ್‌ಸ್ಟಿಕ್ ಮುರಿದಾಗ ನಾನು ಅದನ್ನು ಕಸಕ್ಕೆ ಹಾಕಲಿಲ್ಲ. ಅಡುಗೆಮನೆಗೆ ತಂದು, ಈಳಿಗೆಮಣೆ ಪಕ್ಕದಲ್ಲಿ ಇಟ್ಟುಕೊಂಡು, ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಕೂತೆ. ಯಾವ ಸಾಮಾನೇ ಆಗಲಿ, ಅದು ಎಲ್ಲಿ ಕೆಟ್ಟಿತು ಅಂತ ತಿಳಿಯದೆ ಇನ್ನೊಂದನ್ನು ಕೊಳ್ಳಲು ಹೋಗಬಾರದು. ಹೋದರೆ ಅದೇ ಜಾಗದಲ್ಲಿ ಕೆಡುವ ಇನ್ನೊಂದನ್ನು ತರುತ್ತೀರಿ. ಮಿಕ್ಸಿ ಕೊಳ್ಳುವವರಿಗೂ ನಾನು ಇದನ್ನೇ ಹೇಳುವುದು.

ಒಳಗೆ ನೋಡಿದರೆ ನಗು ಬಂತು. ಹೊರಗಡೆ ಯುದ್ಧ ವಿಮಾನದ ಹಿಡಿಯ ಹಾಗೆ ಕಪ್ಪಗೆ, ಗತ್ತಾಗಿದ್ದ ಆ ವಸ್ತು ನಿಂತಿದ್ದದ್ದು ಔಷಧಿ ಬಾಟಲಿ ಮುಚ್ಚಳದಷ್ಟು ತೆಳುವಾದ ಒಂದು ಪ್ಲಾಸ್ಟಿಕ್ ಬಳೆಯ ಮೇಲೆ. ಅದು ಸೀಳಿತ್ತು. ಅದರ ಪಕ್ಕ ರೇಡಿಯೋದ ವಾಲ್ಯೂಮ್ ತಿರುಗಿಸುವ ಬಿಲ್ಲೆಯಂಥ ಎರಡು ಭಾಗ. ಹಿಡಿ ಯಾವ ಕಡೆ ವಾಲಿತು ಅಂತ ಕಂಪ್ಯೂಟರಿಗೆ ಹೇಳುವುದು ಅವೇ.

ನಾನು ಈ ವ್ಯವಹಾರಕ್ಕೆ ಬಂದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ನಾನು ಸೀರೆ ಮಾರುತ್ತಿದ್ದೆ. ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳಿಂದ ಸೀರೆ ತಂದು, ಮನೆಮನೆಗೆ ಹೋಗಿ, ಕಂತಿನಲ್ಲಿ ಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ, ಎಲ್ಲರೂ ಕಂಪ್ಯೂಟರ್ ಕಂಪ್ಯೂಟರ್ ಅನ್ನುತ್ತಿದ್ದ ಹೊತ್ತಿನಲ್ಲಿ, ಚಾಮರಾಜಪೇಟೆಯಲ್ಲಿ ರಸ್ತೆಗೆ ಬಾಗಿಲಿದ್ದ ಒಂದು ಕೋಣೆ ಬಾಡಿಗೆಗೆ ಹಿಡಿದು ಮೂರು ಕಂಪ್ಯೂಟರ್ ಹಾಕಿಸಿದೆ. ಮಕ್ಕಳು ಟೈಪಿಂಗ್ ಕಲಿಯಲು ಬರುತ್ತಾರೆ ಅಂದುಕೊಂಡಿದ್ದೆ. ಬಂದರು, ಆದರೆ ಆಟ ಆಡಲು.

ಅದರಲ್ಲೂ ಕಿಟಕಿ ಪಕ್ಕದ ಕುರ್ಚಿಗೆ ನೂಕುನುಗ್ಗಲು. ಅಲ್ಲಿದ್ದದ್ದು ಅಂತರಿಕ್ಷದ ಆಟ. ಒಂದು ಪುಟ್ಟ ನೌಕೆಯೊಳಗೆ ಕೂತು, ನಕ್ಷತ್ರಗಳ ನಡುವೆ ಬಂಡೆಗಳನ್ನು ತಪ್ಪಿಸಿಕೊಂಡು, ಎದುರಾಳಿ ನೌಕೆಗಳನ್ನು ಹೊಡೆಯಬೇಕು. ತಿರುಗಿಸಲು ಬಲಗೈಯಲ್ಲಿ ಜಾಯ್‌ಸ್ಟಿಕ್. ವೇಗ ಹೆಚ್ಚು ಕಡಿಮೆ ಮಾಡಲು ಎಡಗೈಯಲ್ಲಿ ಥ್ರಾಟಲ್. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಒಂದು ದಂಡೇ ಇದಕ್ಕಾಗಿ ಬರುತ್ತಿತ್ತು. ಅವರ ನಾಯಕ ಉದ್ದಕ್ಕೆ, ಸಣ್ಣಕ್ಕೆ ಇದ್ದ. ಎಲ್ಲರೂ ಅವನನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಸರದಿ ಬರುವವರೆಗೆ ಉಳಿದವರು ಇನ್ನೆರಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಹಾಗಾಗಿ ಆ ಒಂದು ಕುರ್ಚಿ ನಿಂತರೆ ಕೋಣೆಯೇ ಖಾಲಿ. ಕೋಣೆ ಖಾಲಿಯಾಗುವುದನ್ನೇ ಕಾಯುತ್ತಿದ್ದವರು ಓನರ್. ಅವರ ತಂಗಿ ಮಗನಿಗೆ ಅಲ್ಲಿ ಜೆರಾಕ್ಸ್ ಅಂಗಡಿ ಹಾಕಬೇಕಿತ್ತು. ಪ್ರತಿ ತಿಂಗಳೂ ನಗುನಗುತ್ತಾ, ವ್ಯಾಪಾರ ಹೇಗಿದೆಯಮ್ಮಾ ಅಂತ ಕೇಳುತ್ತಿದ್ದರು.

ಮೂರನೇ ಸ್ಟಿಕ್ ಮುರಿದದ್ದು ಆಟದ ಮಧ್ಯದಲ್ಲಿ, ಕ್ಯಾಪ್ಟನ್ ಕೈಯಲ್ಲೇ. ಅವನು ಕೂಗಾಡಲಿಲ್ಲ. ಮುರಿದ ಹಿಡಿಯನ್ನು ಮೇಜಿನ ಮೇಲಿಟ್ಟು ಹೇಳಿದ:

"ಆಂಟಿ, ನಿಮ್ಮ ಮೇಲೆ ಬೇಜಾರಿಲ್ಲ. ಆದ್ರೆ ಯುದ್ಧದ ಮಧ್ಯೆ ಕೈಗೇ ಕಿತ್ಕೊಂಡು ಬರೋ ಗಾಡೀಲಿ ಯಾರು ಕೂರ್ತಾರೆ ಹೇಳಿ?"

ಆಮೇಲೆ ವಿಷಯ ತಿಳಿಸಿದ. ದಸರಾ ರಜೆಯ ಕೊನೆಯ ಭಾನುವಾರ ಮಲ್ಲೇಶ್ವರದ ಕಾಲೇಜಿನ ಹುಡುಗರ ಜೊತೆ ಪಂದ್ಯ ಗೊತ್ತಾಗಿದೆ. ನನ್ನ ಅಂಗಡಿಯಲ್ಲೇ ಅಂತ ಮಾತು. ಅವತ್ತು ಸ್ಟಿಕ್ ಮುರಿಯದೆ ತಡೆದುಕೊಂಡರೆ ಇನ್ನು ಮೇಲೆ ಪ್ರತಿ ಭಾನುವಾರ ಇಲ್ಲೇ. ಕೈಕೊಟ್ಟರೆ ಗಾಂಧಿ ಬಜಾರಿನ ಕಡೆ ಏಸಿ ಹಾಕಿದ ಹೊಸ ಸೆಂಟರ್ ತೆರೆದಿದೆ, ಎಲ್ಲರೂ ಅಲ್ಲಿಗೆ.

ಮನೆಯಲ್ಲಿ ಹೇಳಿದಾಗ ನಮ್ಮನೆಯವರು ಪೇಪರ್ ಇಳಿಸದೆ, ಇಷ್ಟು ವರ್ಷ ಸೀರೆ ಬಾರ್ಡರ್ ನೋಡಿದ್ದಾಯ್ತು, ಇನ್ನು ರಾಕೆಟ್ ಹ್ಯಾಂಡಲ್ ನೋಡು ಅಂದರು. ನೋಡುತ್ತೇನೆ ಅಂದೆ. ಆ ಕುರ್ಚಿ ನಿಲ್ಲಬಾರದು ಅಂತ ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು.

ಮೊದಲು ನಾನೇ ಆಡಿದೆ. ಕ್ಯಾಪ್ಟನ್ ತನ್ನ ಮನೆಯಿಂದ ಒಂದು ಹಳೇ ಸ್ಟಿಕ್ ತಂದುಕೊಟ್ಟಿದ್ದ. ಬೆಳಿಗ್ಗೆ ಅಂಗಡಿ ಗುಡಿಸಿ, ಬಾಗಿಲು ತೆಗೆಯುವ ಮುಂಚೆ ಕೂತು ಹಾರಿಸುತ್ತಿದ್ದೆ. ಎಲ್ಲ ಸಲವೂ ಬಂಡೆಗೆ ಹೋಗಿ ಗುದ್ದಿದೆ. ಪರವಾಗಿಲ್ಲ, ಆಟ ಗೆಲ್ಲುವುದು ನನ್ನ ಕೆಲಸವಲ್ಲ, ಕೈ ಏನು ಮಾಡುತ್ತದೆ ಅಂತ ತಿಳಿಯುವುದು ನನ್ನ ಕೆಲಸ. ಗಾಬರಿಯಾದಾಗ ಕೈ ಹಿಡಿಯನ್ನು ವಾಲಿಸುವುದಿಲ್ಲ, ಕೀಳುತ್ತದೆ. ಬುಡ ಮೇಜಿನಿಂದ ಮೇಲೇಳುತ್ತದೆ. ಇನ್ನು ವೇಗಕ್ಕೆ ಅಂತ ಬುಡದಲ್ಲೇ ಒಂದು ಪುಟ್ಟ ಚಕ್ರ ಕೊಟ್ಟಿದ್ದರು. ಅದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ತಿರುಗಿಸುವಾಗ ಅರ್ಧ ಭಾರ ಬುಡದ ಮೇಲೆ ಬೀಳುತ್ತದೆ. ಬಲಗೈ ಕೀಳುತ್ತದೆ, ಎಡಗೈ ಅದುಮುತ್ತದೆ, ಮಧ್ಯೆ ಆ ಬಡಪಾಯಿ ಪ್ಲಾಸ್ಟಿಕ್ ಬಳೆ. ಥ್ರಾಟಲ್ ಬೇರೆಯೇ ಡಬ್ಬಿಯಾಗಿರಬೇಕು ಅಂತ ನನಗೆ ಗೊತ್ತಾದದ್ದು ಹೀಗೆ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಸಾಲೇ ಇರುವ ಎಸ್.ಪಿ. ರೋಡಿಗೆ ಕ್ಯಾಪ್ಟನ್‌ನನ್ನು ಕರೆದುಕೊಂಡು ಹೋದದ್ದು ನನ್ನ ಲೆಕ್ಕ ತಪ್ಪಿದ ಒಂದೇ ಜಾಗ. ದಾರಿಯುದ್ದಕ್ಕೂ ಹೇಳಿದ್ದೆ: ಬಾಯಿ ಬಿಡಬೇಡ, ನಗಬೇಡ, ಯಾವುದನ್ನೂ ಎರಡು ಸಲ ಮುಟ್ಟಬೇಡ. ತಲೆ ಆಡಿಸಿದ್ದ. ಅಂಗಡಿಯೊಳಗೆ ಕಾಲಿಟ್ಟ ತಕ್ಷಣ, ಕೆಂಪು ದೀಪ ಮಿನುಗುವ, ಗುಂಡು ಬಿದ್ದರೆ ಕೈಯಲ್ಲೇ ನಡುಗುವ ಸ್ಟಿಕ್ ಒಂದನ್ನು ನೋಡಿ, ದೇವರ ಮುಂದೆ ನಿಂತವನ ಹಾಗೆ ನಿಂತುಬಿಟ್ಟ.

"ಆಂಟಿ, ಇದೇ. ಇದು ಬಿಟ್ಟು ಬೇರೆ ಯಾವ್ದೂ ಬೇಡ."

ಅಂಗಡಿಯ ಸೇಟು ನಕ್ಕು, ನಮಗೆ ಕುರ್ಚಿ ತರಿಸಿದ. ಕುರ್ಚಿ ತರಿಸಿದ ಮೇಲೆ ಮುಗಿಯಿತು, ಇನ್ನು ಬೆಲೆ ಇಳಿಯುವುದಿಲ್ಲ. ನಾನು ಕ್ಯಾಪ್ಟನ್‌ನನ್ನು ಹೊರಗೆ ಎಳೆದುಕೊಂಡು ಬಂದು, ಪಕ್ಕದ ಹೋಟೆಲಿನಲ್ಲಿ ಬೈ-ಟೂ ಕಾಫಿ ಹೇಳಿ, ನೀನು ಮದುವೆಯಾಗೋವಾಗ ಹೆಣ್ಣು ನೋಡೋಕೆ ನಿಮ್ಮಮ್ಮನ್ನೇ ಕಳಿಸು, ನೀನು ಹೋಗಬೇಡ ಅಂದೆ.

ಮಾರನೇ ಬೆಳಿಗ್ಗೆ ಒಬ್ಬಳೇ ಹೋದೆ, ಬೋಣಿ ಹೊತ್ತಿಗೆ. ಸೇಟು ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದ. ದಿನದ ಮೊದಲ ಗಿರಾಕಿ ಬರಿಗೈಲಿ ಹೋದರೆ ಇಡೀ ದಿನ ಹಾಳು ಅಂತ ನಂಬುವವರು ಅವರು. ಚಿಕ್ಕಪೇಟೆಯಲ್ಲಿ ನಾನು ಕಲಿತ ವ್ಯಾಪಾರವೆಲ್ಲ ಆ ಹೊತ್ತಿನಲ್ಲೇ ಕಲಿತದ್ದು. ಕೆಂಪು ದೀಪದ್ದನ್ನು ತಿರುಗಿಯೂ ನೋಡಲಿಲ್ಲ. ನಡುಗುವ ಸಾಮಾನಿನೊಳಗೆ ಮೋಟರ್ ಇರುತ್ತದೆ, ಮೋಟರ್ ಇದ್ದಲ್ಲಿ ಕೆಡಲು ಇನ್ನೊಂದು ಜಾಗ ಇರುತ್ತದೆ.

ಒಂದೊಂದನ್ನೇ ತೆಗೆಸಿ ನೋಡಿದೆ. ಕೈಯಲ್ಲಿ ಎತ್ತಿದೆ, ಹಗುರವಾಗಿದ್ದರೆ ಪಕ್ಕಕ್ಕೆ. ತಲೆಕೆಳಗೆ ಮಾಡಿದೆ. ಅಡಿಯಲ್ಲಿ ಸ್ಕ್ರೂ ಇಲ್ಲದೆ ಗೋಂದು ಹಾಕಿ ಅಂಟಿಸಿದ್ದರೆ ಪಕ್ಕಕ್ಕೆ, ಯಾಕೆಂದರೆ ಬಿಚ್ಚಲಾಗದ್ದನ್ನು ರಿಪೇರಿ ಮಾಡಲಾಗದು. ಹಿಡಿಯನ್ನು ಒಂದು ಪಕ್ಕಕ್ಕೆ ಪೂರ್ತಿ ಎಳೆದು ಬಿಟ್ಟೆ. ಒಳ್ಳೆಯ ಕುಕ್ಕರಿನ ಹ್ಯಾಂಡಲ್ ಹಿಡಿದಾಗ ಹೇಗೆ ಲೊಡಲೊಡ ಅನ್ನುವುದಿಲ್ಲವೋ ಹಾಗೆ ನೇರ ಮಧ್ಯಕ್ಕೆ ಬಂದು ನಿಲ್ಲಬೇಕು, ಆಚೆ ಈಚೆ ತೂಗಬಾರದು. ವೈರು ಬುಡದೊಳಗೆ ಸೇರುವ ಜಾಗದಲ್ಲಿ ದಪ್ಪ ರಬ್ಬರ್ ಇರಬೇಕು. ಪಿನ್ನು ನಮ್ಮ ಕಂಪ್ಯೂಟರಿನ ಹಿಂದಿನ ತೂತಿಗೆ ಕೂರಬೇಕು, ಇದನ್ನು ಮರೆತು ಮನೆಗೆ ಹೋಗಿ ಹಣೆ ಚಚ್ಚಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಗೆ ಅಟ್ಟದ ಮೇಲಿಂದ ಇಳಿಸಿದ ಒಂದು ಪೆಟ್ಟಿಗೆ. ಬಣ್ಣ ಹೋಗಿ, ಯಾರೂ ಕೇಳದೆ ಧೂಳು ಹಿಡಿದದ್ದು. ಒಳಗೆ ತಗಡಿನ ಬುಡದ ದಪ್ಪನೆಯ ಸ್ಟಿಕ್, ಜೊತೆಗೆ ಬೇರೆಯದೇ ಆದ ಥ್ರಾಟಲ್, ಬಸ್ಸಿನ ಗೇರಿನಷ್ಟು ಗಡುಸು. ನೋಡಲು ಕುರೂಪ. ನಾನು ಅದನ್ನು ಕೈಗೆ ತೆಗೆದುಕೊಳ್ಳದೆ, ಇದನ್ನ ಯಾರು ತಗೋತಾರೆ ಸೇಟು ಅಂದೆ. ಅವನು, ಗಟ್ಟಿ ಮಾಲು ಮೇಡಂ ಅಂತ ಶುರು ಮಾಡಿದ. ಅವನ ಕಂಪ್ಯೂಟರಿಗೇ ಹಾಕಿಸಿ, ಪರದೆಯ ಮೇಲಿನ ಪುಟ್ಟ ಪ್ಲಸ್ ಗುರುತು ಹಿಡಿ ಬಿಟ್ಟಾಗ ನಡುಮಧ್ಯಕ್ಕೆ ಬಂದು ಕದಲದೆ ನಿಲ್ಲುತ್ತದೆಯೇ ಅಂತ ನೋಡಿದೆ. ನಿಂತಿತು. ಆಮೇಲೆ ನಡೆದ ಚೌಕಾಸಿಯನ್ನು ಬರೆಯುವುದಿಲ್ಲ. ನಾನು ಎರಡು ಸಲ ಮೆಟ್ಟಿಲಿಳಿದೆ, ಅವನು ಎರಡು ಸಲ ಕರೆದ ಅಂದರೆ ಸಾಕು.

ಅಂಗಡಿಗೆ ತಂದು, ಬಡಗಿಗಳು ಹಲಗೆ ಬಿಗಿಯುವ ಕ್ಲ್ಯಾಂಪ್ ಹಾಕಿ ಎರಡನ್ನೂ ಮೇಜಿಗೆ ಕಚ್ಚಿಸಿದೆ. ಇನ್ನು ಕಿತ್ತರೆ ಮೇಜೇ ಬರಬೇಕು. ಕ್ಯಾಪ್ಟನ್ ಬಂದು ನೋಡಿ, ಆಂಟಿ ಇದು ಲಾರಿದಾ ಅಂತ ಮುಖ ಹುಳ್ಳಗೆ ಮಾಡಿದ. ಕೂತು ಹಾರಿಸಿದ ಮೇಲೆ ಇನ್ನೊಂದು ಆಟಕ್ಕೆ ದುಡ್ಡು ತೆಗೆದ.

ಆಯುಧಪೂಜೆ ಬಂತು. ನಮ್ಮತ್ತೆ ಪ್ರತಿ ವರ್ಷ ಅಂಗಡಿಗೆ ಬಂದು ತಾವೇ ಪೂಜೆ ಮಾಡುವುದು. ನಾನು ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಸುತ್ತಿದ್ದೆ. ಒಳಗೆ ಬಂದು ನೋಡಿದರೆ ಅತ್ತೆ ಆ ಸ್ಟಿಕ್‌ಗೆ ನೀರಾಗಿ ಕಲಸಿದ ಗಂಧ ಬಳಿದು, ಮೇಲೆ ಧಾರಾಳವಾಗಿ ಕುಂಕುಮ ಇಟ್ಟು, ಸೇವಂತಿಗೆ ಸುತ್ತಿ, ಥ್ರಾಟಲ್ ಮೇಲೆ ಅಕ್ಷತೆ ಹಾಕಿ ಕೈಮುಗಿಯುತ್ತಿದ್ದಾರೆ. ಉಳಿದ ಕಂಪ್ಯೂಟರುಗಳಿಗೆ ಒಂದೊಂದು ಬೊಟ್ಟು ಮಾತ್ರ. ಇದಕ್ಕೆ ಯಾಕೆ ಇಷ್ಟು ಅಂದೆ.

"ಅಷ್ಟು ದೂರ ಆಕಾಶಕ್ಕೆ ಹೋಗೋ ಗಾಡಿ ಕಣಮ್ಮಾ ಅದು. ಸ್ಕೂಟರಿಗೆ ಇಟ್ಟಷ್ಟೇ ಕುಂಕುಮ ಇಟ್ರೆ ಸಾಕಾಗತ್ತಾ?"

ಮಾರನೇ ದಿನ ವಿಜಯದಶಮಿ. ಮಧ್ಯಾಹ್ನ ಊಟ ಮುಗಿಸಿ ಬಂದು ಹೂ ತೆಗೆದು, ಒರೆಸಿ, ಆಟ ಹಾಕಿದೆ. ಕೈ ಬಿಟ್ಟರೂ ನೌಕೆ ಎಡಕ್ಕೆ ತಿರುಗುತ್ತಲೇ ಇತ್ತು. ಥ್ರಾಟಲ್ ಮುಕ್ಕಾಲಿನವರೆಗೆ ಹೋಗಿ ಕಚ್ಚಿಕೊಂಡಿತು. ಪಂದ್ಯಕ್ಕೆ ಮುಂಚೆ ಉಳಿದದ್ದು ನಡುವಿನ ಶನಿವಾರ ಒಂದೇ. ಎಸ್.ಪಿ. ರೋಡು ಹಬ್ಬಕ್ಕೆ ಮುಚ್ಚಿತ್ತು.

ಕ್ಯಾಪ್ಟನ್‌ಗೆ ಹೇಳಿ ಕಳಿಸಲಿಲ್ಲ. ಹೇಳಿದ್ದರೆ ಅವನು ಒಳ್ಳೆಯ ಮನಸ್ಸಿನಿಂದಲೇ ಪಂದ್ಯವನ್ನು ಗಾಂಧಿ ಬಜಾರಿಗೆ ಬದಲಾಯಿಸುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ವರಸೆಯಲ್ಲೇ ಸಾಲಾಗಿ ಇಡುತ್ತಾ ಹೋದೆ. ಥ್ರಾಟಲ್ಲಿನ ಸೀಳಿನೊಳಗೆ ಅರಿಶಿನದ ಅಕ್ಕಿಕಾಳೊಂದು ಅಡ್ಡ ಸಿಕ್ಕಿಕೊಂಡಿತ್ತು. ಹೇರ್‌ಪಿನ್ನಿನಲ್ಲಿ ತೆಗೆದೆ. ಸ್ಟಿಕ್ಕಿನದು ಅಷ್ಟು ಸುಲಭವಿರಲಿಲ್ಲ. ಹಿಡಿಯ ಸುತ್ತಲಿನ ಸಂದಿಯಿಂದ ಗಂಧ ಒಳಗಿಳಿದು, ಕುಂಕುಮ ಸೇರಿ, ಆ ರೇಡಿಯೋ ಬಿಲ್ಲೆಯಂಥ ಭಾಗದ ಮೇಲೆ ಒಣಗಿ ಗಾರೆ ಕಟ್ಟಿತ್ತು. ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದು, ಹೊಸ ಟೂತ್‌ಬ್ರಷ್ಷಿನಲ್ಲಿ ನೆನೆಸಿ ನೆನೆಸಿ ತಿಕ್ಕಿದೆ. ಒಂದು ಸಲ ಜೋಡಿಸಿ ನೋಡಿದೆ, ಇನ್ನೂ ಎಡಕ್ಕೆ. ಮತ್ತೆ ಬಿಚ್ಚಿದೆ. ಶನಿವಾರ ಅಂಗಡಿ ಬಾಗಿಲು ಅರ್ಧ ಹಾಕಿಕೊಂಡೇ ಕೆಲಸ ಮಾಡಿದೆ. ಅದೇ ಹೊತ್ತಿಗೆ ಓನರ್ ಬಂದು ಇಣುಕಿ, ಏನಮ್ಮಾ ಖಾಲಿ ಮಾಡ್ತಿದೀರಾ ಅಂತ ತಮಾಷೆ ಮಾಡಿದರು. ಕ್ಲೀನ್ ಮಾಡ್ತಿದೀನಿ ಅಂದೆ.

ಅತ್ತೆಗೆ ಗೊತ್ತಾಗದಿರಲಿ ಅಂದುಕೊಂಡಿದ್ದೆ. ಊಟದ ಡಬ್ಬಿ ತಂದವರು ಬಿಳಿ ಬಟ್ಟೆಯ ಮೇಲಿನ ಕೆಂಪು ನೋಡಿ ಎಲ್ಲ ತಿಳಿದುಕೊಂಡರು. ಆಮೇಲೆ, ಸಂದಿ ಬಿಟ್ಟು ಮಾಡಿದವರದ್ದೂ ತಪ್ಪಲ್ವಾ ಅಂದರು. ಆ ಮಾತು ನನಗೆ ಸರಿ ಅನ್ನಿಸಿತು. ಇವತ್ತು ಕುಂಕುಮ ಬಿತ್ತು, ನಾಳೆ ಹುಡುಗರ ಖಾರಾಪುರಿ ಬೀಳುತ್ತದೆ. ಸೀರೆ ವ್ಯಾಪಾರದ್ದು ಉಳಿದಿದ್ದ ಫಾಲ್ ಬಟ್ಟೆ ಮನೆಯಲ್ಲಿತ್ತು. ಅತ್ತೆ ಅದನ್ನು ಎರಡು ಪದರ ಮಾಡಿ, ನೆರಿಗೆ ಹಿಡಿದು, ಹಿಡಿಯ ಬುಡಕ್ಕೆ ಮಗುವಿನ ಲಂಗದಂಥ ಒಂದು ಮುಸುಕು ಹೊಲಿದರು. ಮೇಲೆ ಕೆಳಗೆ ಎಲಾಸ್ಟಿಕ್. ಹಿಡಿ ಎತ್ತ ವಾಲಿದರೂ ಬಟ್ಟೆ ಬಿಗಿಯಾಗಬಾರದು ಅಂತ ಮೂರು ಸಲ ಬಿಚ್ಚಿ ಹೊಲಿದದ್ದು ಅವರೇ. ಸಂಜೆ ಹೊತ್ತಿಗೆ ಪ್ಲಸ್ ಗುರುತು ಮಧ್ಯಕ್ಕೆ ಬಂದು ನಿಂತಿತು. ನಾನು ಹಿಡಿಯನ್ನು ನಾಲ್ಕು ಕಡೆಗೂ ಎಳೆದು ಬಿಟ್ಟು, ಎಳೆದು ಬಿಟ್ಟು, ನೆಚ್ಚಿಕೆ ಬರುವವರೆಗೆ ನೋಡಿದೆ.

ಭಾನುವಾರ ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಕುರ್ಚಿ ಒಂದೇ ಆದ್ದರಿಂದ ಸರದಿಯ ಮೇಲೆ ಆಟ. ಒಂದೇ ದಾರಿ, ಒಂದೇ ಶತ್ರು, ಯಾರು ಕಡಿಮೆ ಪೆಟ್ಟು ತಿಂದು ಮುಗಿಸುತ್ತಾರೋ ಅವರ ಕಡೆಗೆ ಅಂಕ. ಅಂದರೆ ಎರಡೂ ಕಾಲೇಜಿನ ಕೈಗಳೆಲ್ಲ ಒಂದೇ ಸ್ಟಿಕ್ ಮೇಲೆ. ಆ ಮುಸುಕು ನೋಡಿ ಮಲ್ಲೇಶ್ವರದವನೊಬ್ಬ, ಏನ್ ಮಚ್ಚಾ, ನಿಮ್ ಜಾಯ್‌ಸ್ಟಿಕ್‌ಗೆ ಫ್ರಾಕ್ ಹಾಕ್ಸಿದೀರಾ ಅಂದ. ಎಲ್ಲರೂ ನಕ್ಕರು, ಕ್ಯಾಪ್ಟನ್ ಕಿವಿ ಕೆಂಪಾಯಿತು. ಅವರಲ್ಲಿ ಒಬ್ಬ ಕುಸ್ತಿ ಆಳಿನಂಥವನಿದ್ದ. ಬಂಡೆ ಎದುರಾದಾಗ ಕುರ್ಚಿಯಿಂದ ಎದ್ದೇ ನಿಂತು ಎಳೆದ. ಮೇಜು ಕಿರುಗುಟ್ಟಿ ಒಂದು ಗೇಣು ಜರುಗಿತು. ನಾನು ಬಾಗಿಲಲ್ಲಿ ನಿಂತು ಪರದೆಯನ್ನಲ್ಲ, ಬುಡವನ್ನು ನೋಡುತ್ತಿದ್ದೆ. ಬುಡ ಏಳಲಿಲ್ಲ.

ಕೊನೆಯ ಸರದಿ ಕ್ಯಾಪ್ಟನ್‌ದು. ಅಂಕ ಸಮನಾಗಿತ್ತು. ಚೆನ್ನಾಗಿಯೇ ಹೋಗುತ್ತಿದ್ದ. ಕೊನೆಯ ತಿರುವಿನಲ್ಲಿ ವೇಗ ತಗ್ಗಿಸದೆ ನುಗ್ಗಿ, ಬಂಡೆಯ ಅಂಚಿಗೆ ತಾಗಿ, ನೌಕೆ ಚೂರಾಯಿತು. ಮಲ್ಲೇಶ್ವರದವರು ಕುಣಿದರು.

ಸೋತವರು ಮೊದಲು ಕೈಯಲ್ಲಿರುವ ಸಾಮಾನನ್ನೇ ಬಯ್ಯುವುದು. ಅವನ ಗೆಳೆಯರಲ್ಲಿ ಒಬ್ಬ ಆಗಲೇ, ಸ್ಟಿಕ್ ಕೈಕೊಡ್ತಲ್ವಾ ಗುರು ಅಂದಿದ್ದ. ಎಲ್ಲರೂ ಕ್ಯಾಪ್ಟನ್ ಕಡೆ ನೋಡಿದರು. ಹೌದು ಅಂದುಬಿಟ್ಟರೆ ಅವನ ಮಾನ ಉಳಿಯುತ್ತಿತ್ತು, ನನ್ನ ಅಂಗಡಿ ಹೋಗುತ್ತಿತ್ತು. ಸಾಮಾನಿನ ಪರವಾಗಿ ಮಾರುವವಳು ಮಾತಾಡಿದರೆ ಯಾರೂ ನಂಬುವುದಿಲ್ಲ.

ಅವನು ಸೆಟ್ಟಿಂಗ್ ತೆರೆದು, ಪ್ಲಸ್ ಗುರುತಿನ ಪರದೆ ತಂದ. ಹಿಡಿಯನ್ನು ಬಲಕ್ಕೆ ಪೂರ್ತಿ ಎಳೆದು ಕೈ ಬಿಟ್ಟ. ಎಡಕ್ಕೆ ಎಳೆದು ಬಿಟ್ಟ. ಗುರುತು ಎರಡು ಸಲವೂ ನಡುಮಧ್ಯಕ್ಕೆ ಬಂದು ನಿಂತಿತು.

"ಇಲ್ಲ ಮಗಾ. ಸ್ಟಿಕ್ ಸರಿಯಾಗೇ ಇದೆ. ನಾನೇ ಥ್ರಾಟಲ್ ಇಳಿಸ್ಲಿಲ್ಲ," ಅಂದ. ಎದ್ದು ನನ್ನ ಕಡೆ ತಿರುಗಿ, "ಆಂಟಿ, ಮುಂದಿನ ಭಾನುವಾರ ಬೆಳಿಗ್ಗೆಯಿಂದ ಈ ಕುರ್ಚಿ ನಮಗಿರ್ಲಿ," ಅಂದ.

ಅಷ್ಟರಲ್ಲಿ ಆ ಕುಸ್ತಿ ಆಳು ಮುಂದೆ ಬಂದು, ಗೆದ್ದವರು ನಾವಲ್ವಾ ಆಂಟಿ, ಬೆಳಿಗ್ಗೆ ನಮಗೆ ಕೊಡಿ, ಇವರು ಮಧ್ಯಾಹ್ನ ಬರಲಿ ಅಂದ. ಇಬ್ಬರೂ ವಾದಕ್ಕೆ ನಿಂತರು. ನಾನು ಸ್ವಲ್ಪ ಹೊತ್ತು ಬಿಟ್ಟೆ. ಗಿರಾಕಿಗಳು ತಮ್ಮತಮ್ಮಲ್ಲೇ ಚೌಕಾಸಿ ಮಾಡುವಾಗ ಅಂಗಡಿಯವಳು ನಡುವೆ ಹೋಗಬಾರದು. ಆಮೇಲೆ, ಬೆಳಿಗ್ಗೆ ಬೇಕಾದವರು ಇವತ್ತೇ ಅಡ್ವಾನ್ಸ್ ಕೊಡಲಿ ಅಂತ ಹೇಳಿ, ಜರುಗಿದ್ದ ಮೇಜನ್ನು ಗೋಡೆಯ ಕಡೆಗೆ ತಳ್ಳಲು ಇಬ್ಬರಿಗೂ ಒಂದೊಂದು ತುದಿ ತೋರಿಸಿದೆ.