ಮರಳು ಕೋಣೆಯ ಕಿಟಕಿ

ಸುಭದ್ರಮ್ಮ ಟಿ.ಬಿ. ಬಂದು ಸತ್ತಳು ಎಂದು ರಾಮಮೂರ್ತಿ ನಗರದ ಆ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಅವಳಿಗೆ ಟಿ.ಬಿ. ಇರಲಿಲ್ಲ. ಅವಳನ್ನು ಕೊಂದದ್ದು ಹಲಸೂರಿನ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನ ಹಿಂದಿನ ಕೋಣೆ, ಆ ಕೋಣೆಯ ಮೊಳೆ ಹೊಡೆದ ಕಿಟಕಿ. ಶಕೀಲಾ ಇದನ್ನು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ಜನ ತಲೆಯಾಡಿಸಿ ಕೇಳಿಸಿಕೊಂಡರು, ಅವಳು ಬೆನ್ನು ತಿರುಗಿಸಿದ ಮೇಲೆ ಮತ್ತೆ ಟಿ.ಬಿ. ಅಂದರು.

ಶಕೀಲಾ ಶಿವಾಜಿನಗರದವಳು. ಅದೇ ಲ್ಯಾಬಿನ ಮುಂದಿನ ಕೋಣೆಯಲ್ಲಿ ವರದಿಗಳನ್ನು ಟೈಪು ಮಾಡುತ್ತಿದ್ದಳು. ಸುಭದ್ರಮ್ಮ ತೊಂಬತ್ತಾರನೇ ಇಸವಿಯಲ್ಲಿ ಅಲ್ಲಿಗೆ ಕಸ ಗುಡಿಸಲು ಬಂದವಳು. ಲಿಂಗಸುಗೂರಿನ ಕಡೆಯ ಹೆಂಗಸು. ಗಂಡ ಅಮರಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಬಂದ ದಿನವೇ ಅವಳು ಶಕೀಲಾಳ ಊಟದ ಡಬ್ಬಿಗೆ ಇಣುಕಿ, “ಇಷ್ಟು ಉಂಡು ಟೈಪ್ ಹೊಡಿತೀಯೇನವ್ವ? ಬೆರಳು ಉದುರಿ ಬೀಳ್ತಾವ ನೋಡು” ಎಂದು ತನ್ನ ರೊಟ್ಟಿ ಮುರಿದು ಇಟ್ಟಳು. ಅಂದಿನಿಂದ ಇಬ್ಬರೂ ಒಟ್ಟಿಗೇ ಉಂಡರು.

ಸುಭದ್ರಮ್ಮನ ಬಾಯಿ ಎಷ್ಟು ಜೋರೋ ಕೈ ಅಷ್ಟು ಸಮಾಧಾನದ್ದು. ಅವಳನ್ನು ಮರಳು ಕೋಣೆಗೆ ಎಳೆದದ್ದು ಆ ಕೈಯೇ.

ಆ ವರ್ಷಗಳಲ್ಲಿ ಕೆ.ಆರ್. ಪುರದ ಕಡೆ ಎಲ್ಲೆಲ್ಲೂ ತಗ್ಗಿಗೆ ಮರಳು ತುಂಬಿ ರಸ್ತೆ ಏರಿಸುತ್ತಿದ್ದರು. ತುಂಬಿದ ಮರಳು ಸಡಿಲವಾಗಿದ್ದರೆ ಮೇಲಿನದೆಲ್ಲ ಒಂದು ದಿನ ಕುಸಿಯುತ್ತದೆ. ಆದ್ದರಿಂದ ಅದೇ ಮರಳನ್ನು ಲ್ಯಾಬಿಗೆ ತಂದು, ಮೋಲ್ಡ್ ಎಂಬ ಒಂದೇ ಡಬ್ಬಿಯಲ್ಲಿ ಅತಿ ಸಡಿಲವಾಗಿ ತುಂಬಿದರೆ ಎಷ್ಟು ತೂಗುತ್ತದೆ, ಅತಿ ಬಿಗಿಯಾಗಿ ತುಂಬಿದರೆ ಎಷ್ಟು ತೂಗುತ್ತದೆ ಎಂದು ನೋಡಬೇಕು. ರಸ್ತೆಯ ಕೆಳಗಿನ ಮರಳು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಶಕೀಲಾ ವರದಿಯಲ್ಲಿ ‘ಸಾಪೇಕ್ಷ ಸಾಂದ್ರತೆ’ ಎಂದು ಟೈಪು ಮಾಡುತ್ತಿದ್ದಳು. ಬಿಗಿ ಮಾಡುವುದು ಯಂತ್ರದ ಕೆಲಸ. ಮರಳಿನ ಮೇಲೆ ಭಾರ ಹೇರಿ, ನಡುಗುವ ಮೇಜಿನ ಮೇಲಿಟ್ಟು, ಗುಂಡಿ ಒತ್ತಿದರಾಯಿತು. ಸಡಿಲ ಮಾಡುವುದು ಮನುಷ್ಯರ ಕೈಯ ಕೆಲಸ. ಓವನ್ನಿನಲ್ಲಿ ಒಣಗಿಸಿದ ಮರಳನ್ನು ಉದ್ದ ಕೊಳವೆಯ ಆಲಿಕೆಯಿಂದ, ಅಂಚಿನಿಂದ ನಡುವಿಗೆ ಸುತ್ತು ಹಾಕುತ್ತ, ಬೀಳಿಸದೆ ಇಳಿಸಬೇಕು. ಯಾರಾದರೂ ಮೇಜಿಗೆ ತಾಗಿದರೆ ಮರಳು ಒಳಗೊಳಗೇ ಕುಸಿದು ಕೂರುತ್ತದೆ. ಆಗ ಚೆಲ್ಲಿ ಮೊದಲಿನಿಂದ ಸುರಿಯಬೇಕು.

ಲ್ಯಾಬಿನ ಮಾಲೀಕ ಲಕ್ಷ್ಮಿಕಾಂತ ಎಂಜಿನಿಯರು. ಬಂದವರಿಗೆಲ್ಲ ಸುಭದ್ರಮ್ಮನನ್ನು ತೋರಿಸಿ, “ರಂಗೋಲಿ ಹಾಕೋ ಕೈ ಕಣ್ರೀ, ಮಿಷನ್ ಬೇಕಾ ನಮ್ಗೆ?” ಎನ್ನುತ್ತಿದ್ದ. ಬಂದವರು ನಗುತ್ತಿದ್ದರು.

ಸುರಿಯುವಾಗ ಗಾಳಿ ಆಡಬಾರದು. ಅದು ಕೆಲವೇ ನಿಮಿಷದ ಮಾತು. ಆದರೆ ಒಮ್ಮೆ ಯಾರೋ ಮರೆತು ಫ್ಯಾನ್ ಹಾಕಿದರೆಂದು ಲಕ್ಷ್ಮಿಕಾಂತ ಅದರ ರೆಕ್ಕೆಗಳನ್ನೇ ಬಿಚ್ಚಿಸಿ ಬೀರುವಿನ ಮೇಲೆ ಹಾಕಿಸಿದ. ಮಳೆಗಾಲದಲ್ಲಿ ಒಣಗಿಸಿದ ಮರಳು ತೇವ ಹೀರುತ್ತದೆಂದು ಕಿಟಕಿಗೆ ಮೊಳೆ ಹೊಡೆಸಿದ. ಮಳೆಗಾಲ ಹೋಯಿತು, ಮೊಳೆ ಹಾಗೇ ಉಳಿಯಿತು. ಮರಳಿನ ಉಂಡೆ ಒಡೆಯುವುದು, ಜರಡಿ ಹಿಡಿಯುವುದು, ಸುರಿಯುವುದು ಎಲ್ಲವೂ ಆ ಮುಚ್ಚಿದ ಕೋಣೆಯಲ್ಲೇ. ಸಂಜೆ ಅವಳು ಹೊರಗೆ ಬಂದಾಗ ರೆಪ್ಪೆಗೂದಲೂ ಬೆಳ್ಳಗಿರುತ್ತಿತ್ತು. “ಹಿಟ್ಟಿನ ಗಿರಣಿಯಾಗ ಇದ್ದಿದ್ರ ಮನಿಗೆ ಹಿಟ್ಟರ ಒಯ್ತಿದ್ದೆ” ಎನ್ನುತ್ತ ಸೆರಗು ಕೊಡವುತ್ತಿದ್ದಳು.

ಕಿಟಕಿ ತೆಗೆಸಿರೆಂದು ಅವಳು ಕೇಳದೆ ಇರಲಿಲ್ಲ. ಕೇಳಿದಾಗಲೆಲ್ಲ ಅವನಿಂದ ಒಂದೇ ಉತ್ತರ: ಬೆಂಗಳೂರಿನಲ್ಲಿ ಧೂಳು ಯಾರಿಗಿಲ್ಲ? ಅದೇ ಕೋಣೆಯ ಮೂಲೆಯಲ್ಲಿ ಒಂದು ಸೂಕ್ಷ್ಮ ತಕ್ಕಡಿಯಿತ್ತು. ಧೂಳು ಕೂತರೆ ಕೆಡುತ್ತದೆಂದು ಅದಕ್ಕೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಬಟ್ಟೆಯ ಮುಸುಕು. ಮುಸುಕನ್ನು ಹೊಲಿದುಕೊಟ್ಟವಳೂ ಸುಭದ್ರಮ್ಮನೇ.

ಕೆಲವು ವರ್ಷಗಳ ಮೇಲೆ ಅವಳಿಗೆ ಕೆಮ್ಮು ಶುರುವಾಯಿತು. ಆಸ್ಪತ್ರೆಯಲ್ಲಿ ಟಿ.ಬಿ. ಎಂದರು. ಮಾತ್ರೆ ನುಂಗಿ ಮೂತ್ರ ಕೇಸರಿಯಾಯಿತು, ಹೊಟ್ಟೆ ಕೆಟ್ಟಿತು, ಕೆಮ್ಮು ನಿಲ್ಲಲಿಲ್ಲ. ಮತ್ತೊಮ್ಮೆ ಅದೇ ಮಾತ್ರೆ. ಮನೆ ಮಾಲೀಕ ಮುನಿರಾಜಪ್ಪ ಅಮರಪ್ಪನನ್ನು ಕರೆದು, ಮಕ್ಕಳುಮರಿ ಇರುವ ವಠಾರ, ಬೇರೆ ಕಡೆ ನೋಡಿಕೊಳ್ಳಯ್ಯ ಎಂದ. ಅವರು ಎರಡು ಬೀದಿ ಆಚೆ ಹೋದರು. ಟಿ.ಬಿ. ಎಂಬ ಮಾತು ಪಾತ್ರೆ ಸಾಮಾನಿನ ಜೊತೆಗೇ ಅಲ್ಲಿಗೂ ಬಂತು. ಬೀದಿಯ ನಲ್ಲಿಯಲ್ಲಿ ಅವಳ ಕೊಡದ ಪಕ್ಕ ಯಾರೂ ಕೊಡ ಇಡುತ್ತಿರಲಿಲ್ಲ. ಕೊನೆಗೆ ಮೆಟ್ಟಿಲು ಹತ್ತಲಾರದೆ ಅವಳು ಕೆಲಸ ಬಿಟ್ಟಳು.

ಶಕೀಲಾ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಏನ್ ಕೆಲ್ಸ ಮಾಡ್ತಿದ್ರಮ್ಮ?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದ ಮೊದಲ ಮನುಷ್ಯ ಅವರು. ನೆನೆದಾಗ ಶಕೀಲಾಳಿಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಎಷ್ಟು ಸಣ್ಣ ಪ್ರಶ್ನೆ! ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದರು.

ಬಸ್ಸಿನಲ್ಲಿ ಸುಭದ್ರಮ್ಮ ಎದೆಯ ಮೇಲೆ ಕೈಯಿಟ್ಟು ಹೇಳಿದಳು: “ಮೋಲ್ಡಿನಾಗ ಇಳಿಸಿದಂಗ ಇಳಿದು ಕುಂತೈತಿ. ನನ್ನನ್ನ ನಡುಗೋ ಮೇಜಿನ ಮ್ಯಾಲೆ ಇಡೋದೂ ಬೇಕಿಲ್ಲ.” ಮತ್ತೆ ಕೇಳಿದಳು: “ಈಗ ಅಲ್ಲಿ ಯಾರು ಸುರಿತಾರ?”

ಜಯದೇವಿ ಎಂದು ಶಕೀಲಾ ಹೇಳಿದಳು. ಹೊಸಬಳು, ನಿಮ್ಮ ಕಡೆಯವಳೇ.

“ಕಿಟಕಿ?”

ಮೊಳೆ ಹಾಗೇ ಇದೆ ಎಂದಳು ಶಕೀಲಾ.

ಮರುವಾರ ಸುಭದ್ರಮ್ಮ ಲ್ಯಾಬಿಗೆ ಬಂದಳು. ಬಾಗಿಲಿಂದ ಮರಳು ಕೋಣೆಯವರೆಗೆ ನಡೆಯಲು ಎರಡು ಸಲ ಗೋಡೆ ಹಿಡಿದು ನಿಂತಳು. ಒಳಗೆ ಜಯದೇವಿ ಸೆರಗನ್ನು ಬಾಯಿಗೆ ಕಟ್ಟಿಕೊಂಡು ಆಲಿಕೆ ಹಿಡಿದಿದ್ದಳು. ಕಂಟ್ರಾಕ್ಟರನ ಕಡೆಯವನೊಬ್ಬ ವರದಿಗಾಗಿ ಹೊರಗೆ ಕಾದು ಕೂತಿದ್ದ. ಸುಭದ್ರಮ್ಮ ಸ್ಟೂಲು ಎಳೆದು, ಮೋಲ್ಡ್ ಇದ್ದ ಮೇಜಿಗೆ ಎದೆ ಆನಿಸಿ ಕೂತಳು. ಕೆಮ್ಮಿದಳು. ಮೇಜು ಅಲುಗಿತು, ಡಬ್ಬಿಯೊಳಗಿನ ಮರಳು ಕುಸಿಯಿತು.

ಜಯದೇವಿ ಚೆಲ್ಲಿ ಮತ್ತೆ ಸುರಿದಳು. ಮತ್ತೆ ಕೆಮ್ಮು. ಮೂರನೆಯ ಸಲ ಜಯದೇವಿ ಆಲಿಕೆ ಕೆಳಗಿಟ್ಟು, “ಅಕ್ಕಾ, ನನಗ ಈ ಕೆಲಸ ಬೇಕ್ರಿ” ಎಂದಳು.

“ನನಗೂ ಬೇಕಿತ್ತವ್ವ” ಎಂದಳು ಸುಭದ್ರಮ್ಮ. “ಹೋಗು, ಸಾಹೇಬರ್ನ ಕರಿ.”

ಲಕ್ಷ್ಮಿಕಾಂತ ಬಾಗಿಲಲ್ಲೇ ನಿಂತ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಅದು ಧೂಳಿಗೋ, ಅವಳಿಗೋ ಎಂದು ಶಕೀಲಾಳಿಗೆ ತಿಳಿಯಲಿಲ್ಲ. ನಿಮಗಿರುವುದು ಟಿ.ಬಿ., ಬೇರೆಯವರಿಗೂ ಹರಡುತ್ತೀರಿ, ಮನೆಗೆ ಹೋಗಿ ಎಂದು ತಾಳ್ಮೆಯಿಂದಲೇ ಹೇಳಿದ.

“ಕಿಟಕಿ ತೆಗಿಸ್ರಿ. ಎದ್ದು ಹೋಗ್ತೀನಿ.”

“ಸುಭದ್ರಮ್ಮ, ಇದು ಲ್ಯಾಬು. ರೂಲ್ಸ್ ಇರ್ತವೆ.”

“ಆ ತಕ್ಕಡಿಗೆ ಗಾಜಿನ ಪೆಟ್ಟಿಗಿ ಐತಿ, ಸರ. ಮುಸುಕು ನಾನೇ ಹೊಲ್ದೀನಿ. ನಮಗೇನೈತಿ?”

ಅವನು ಏನೋ ಹೇಳಹೊರಟ. ಅವಳ ಕೆಮ್ಮು ಆ ಮಾತನ್ನು ಮುಗಿಯಗೊಡಲಿಲ್ಲ. ಅವಳನ್ನು ಎಬ್ಬಿಸಬೇಕೆಂದರೆ ಮುಟ್ಟಬೇಕು. ಟಿ.ಬಿ. ಎಂದು ಈಗಷ್ಟೇ ತಾನೇ ಹೇಳಿದ್ದವನು ಹೇಗೆ ಮುಟ್ಟಿಯಾನು? ಕಂಟ್ರಾಕ್ಟರನ ಮನುಷ್ಯ ಎರಡನೆಯ ಸಲ ಗಡಿಯಾರ ನೋಡಿದ. ಮಧ್ಯಾಹ್ನದ ಹೊತ್ತಿಗೆ ಬಡಗಿ ಬಂದು ಮೊಳೆ ಕಿತ್ತ. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಧೂಳು ಹಾಲು ಕದಡಿದಂತೆ ಕಾಣಿಸಿತು. ಅಷ್ಟು ದಿನ ತಾನು ಏನು ಉಸಿರಾಡಿದ್ದೆ ಎಂಬುದನ್ನು ಸುಭದ್ರಮ್ಮ ಅವತ್ತು ಕಣ್ಣಾರೆ ನೋಡಿದಳು. ಅವಳು ಅಳಲಿಲ್ಲ. ಬೈದಳು. ಲಿಂಗಸುಗೂರಿನ ಕಡೆಯ ಬೈಗುಳಗಳು, ಶಕೀಲಾಳಿಗೆ ಅರ್ಧವೂ ಅರ್ಥವಾಗದವು.

ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಶಕೀಲಾ ಭಾನುವಾರ ಹೋದಾಗಲೆಲ್ಲ ಮೊದಲ ಪ್ರಶ್ನೆ ಕಿಟಕಿಯದ್ದೇ. ತೆಗೆದಿದೆ ಅಕ್ಕಾ ಎಂದು ಶಕೀಲಾ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಸೋಮವಾರ ಬಡಗಿ ಮತ್ತೆ ಬಂದು ಮೊಳೆ ಹೊಡೆದ. ಆ ಗುರುವಾರ ಸುಭದ್ರಮ್ಮ ತೀರಿಕೊಂಡಳು. ಮುಂದಿನ ಭಾನುವಾರದ ಪ್ರಶ್ನೆ ಕೇಳಲು ಅವಳಿರಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ಲಕ್ಷ್ಮಿಕಾಂತ ಕಾರಿನಲ್ಲಿ ಬಂದ. ದೊಡ್ಡ ಹಾರ ತಂದಿದ್ದ. ಎಂಥ ಸ್ಥಿರವಾದ ಕೈ, ಅಂಥ ಕೆಲಸದವರು ಇನ್ನು ಸಿಗುವುದಿಲ್ಲ ಎಂದು ನೆರೆದವರ ಮುಂದೆ ಹೇಳಿದ. ಹಾರವನ್ನು ಅಮರಪ್ಪನ ಕೈಗೆ ಕೊಟ್ಟ.

“ಸರ್, ಆ ಕಿಟಕಿ?” ಎಂದು ಎಲ್ಲರೆದುರು ಕೇಳಿದಳು ಶಕೀಲಾ.

“ಮಳೆಗಾಲ ಮುಗೀಲಿ ಶಕೀಲಾ, ನೋಡೋಣ. ತೇವ ಆಗುತ್ತಲ್ಲ.”

“ಯಾವ್ದು ಸರ್ ತೇವ ಆಗೋದು?”

“ಮರಳು.”

ಅಮರಪ್ಪ ಹಾರವನ್ನು ಹೆಂಡತಿಯ ಫೋಟೋದವರೆಗೆ ಒಯ್ದಿದ್ದ. ಅಲ್ಲಿಂದ ಹಿಂತಿರುಗಿ ಬಂದು ಅದನ್ನು ಲಕ್ಷ್ಮಿಕಾಂತನ ಕೈಗೇ ಇಟ್ಟ.

“ಇದನ್ನ ಒಯ್ದು ಅದಕ್ಕಽ ಹಾಕ್ರಿ, ಸಾಹೇಬ್ರ” ಎಂದ. “ನಿಮ್ಮ ಮರಳಿಗೆ.”