ಎಂಟು ಕಾಳು ತೊಗರಿ

ಸ್ಟಾಂಪ್ ಪ್ಯಾಡ್ ಹುಡುಕುತ್ತ ಸ್ಟಾಫ್ ರೂಮಿನ ಕಪಾಟಿನಲ್ಲಿ ಕೈಯಾಡಿಸಿದಾಗ ಹಳೇ ಚಾಕ್‌ಪೀಸ್ ಡಬ್ಬಿಯೊಂದು ಸಿಕ್ಕಿತು. ಒಳಗೆ ತೊಗರಿ ಕಾಳು. ಮೊಳಕೆಯ ಪಾಠಕ್ಕೆಂದು ಯಾರೋ ತಂದಿಟ್ಟು ಮರೆತದ್ದು. ಮುಚ್ಚಳ ತೆಗೆದದ್ದೇ ತಡ, ಸೀಮೆಸುಣ್ಣದ ಪುಡಿಯ ಜೊತೆ ಬೆರೆತ ಆ ಒಣ ವಾಸನೆ ಮೂಗಿಗೆ ಬಡಿದು, ನ್ಯಾಲ್ಕಲ್ ಕಡೆಯ ನಮ್ಮೂರ ಶಾಲೆಯ ಮಾಸ್ತರು ಎದುರಿಗೆ ಬಂದು ನಿಂತಂತಾಯಿತು...

ನಾನಾಗ ಏಳನೇ ಕ್ಲಾಸು. ಪ್ರತಿ ವರ್ಷ ಮಕ್ಕಳು ಊರಿಗಾಗಿ ಒಂದು ಕೆಲಸ ಮಾಡಬೇಕಿತ್ತು. ಕೆಲಸ ಅಂದರೆ ಗೋಡೆಗೆ ಸುಣ್ಣ ಬಳಿದು ಸ್ವಚ್ಛತೆಯ ಮಾತು ಬರೆಯುವುದು, ಅಷ್ಟೇ. ನನ್ನ ಅಕ್ಷರ ದುಂಡಗಿತ್ತು, ಸಾಲದ್ದಕ್ಕೆ ಕ್ಲಾಸ್ ಲೀಡರ್ ಬೇರೆ. ಬರೆಯುವವಳು ನಾನೇ ಎಂದು ಹೆಡ್ ಮಾಸ್ತರರು ಮೊದಲೇ ಹೇಳಿದ್ದರಿಂದ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಆ ವರ್ಷ ಹೊಸದಾಗಿ ಬಂದಿದ್ದ ನಮ್ಮ ಮಾಸ್ತರು ಮಾತ್ರ, "ಊರಿಗೆ ಏನ್ ಬೇಕಾಗ್ಯದ ನೀವೇ ಹೇಳ್ರಿ. ನಾ ಬರೇ ಬರಕೋತೀನಿ," ಅಂದುಬಿಟ್ಟರು.

ಹಿಂದಿನ ಸಾಲಿನಿಂದ, ಎಂದೂ ಬಾಯಿ ಬಿಡದ ಕುರುಬರ ಹುಡುಗಿ ಎದ್ದಳು. "ಬೋರಿನ ಕಡಿ ನಮ್ಮ ಕುರಿ ರಾಡಿ ನೀರು ಕುಡೀತಾವ್ರಿ ಸರ್. ಅಲ್ಲೊಂದು ತೊಟ್ಟಿ ಕಟ್ಟೋಣ್ರಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಮಾಸ್ತರು ನಗಲಿಲ್ಲ.

ಮರುದಿನ ಅವರು ಮನೆಯಿಂದ ಎರಡು ಗಡಿಗೆ, ಒಂದು ಚೀಲ ತೊಗರಿ ತಂದರು. ಒಂದು ಗಡಿಗೆ ಗೋಡೆಗೆ, ಇನ್ನೊಂದು ತೊಟ್ಟಿಗೆ. ಕೈ ಎತ್ತಿಸಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆಂದು, ಒಬ್ಬೊಬ್ಬರೇ ಖಾಲಿ ಕೋಣೆಯೊಳಗೆ ಹೋಗಿ ಒಂದೊಂದೇ ಕಾಳು ಹಾಕಬೇಕಿತ್ತು. ಚೀಲವೂ ಅಲ್ಲೇ ಇತ್ತು. ನಾನು ಗೋಡೆಯ ಗಡಿಗೆಗೆ ಒಂಬತ್ತು ಹಾಕಿದೆ.

ಮಕ್ಕಳು ಇಪ್ಪತ್ತಮೂರು. ಕಾಳು ಮೂವತ್ತೊಂದು. ಮಾಸ್ತರು ಎರಡು ಸಲ ಎಣಿಸಿದರು. ನನ್ನ ಕಡೆ ನೋಡಲೂ ಇಲ್ಲ.

"ಎಣಿಕಿ ತಪ್ಪ್ಯದ. ಮತ್ತ ಹಾಕ್ರಿ."

ಎರಡನೇ ಸಲ ತೊಟ್ಟಿ ಗೆದ್ದಿತು. ನಾನೂ ನಾಚಿಕೆಯಿಂದ ಅದಕ್ಕೇ ಹಾಕಿದ್ದೆ. ಯಾರದೋ ಮನೆ ಕಟ್ಟಿ ಉಳಿದ ಇಟ್ಟಿಗೆ ಹೊತ್ತು ತಂದೆವು. ಮಾಸ್ತರು ಪಂಚೆ ಮೇಲೆ ಕಟ್ಟಿ ಸಿಮೆಂಟು ಕಲಸಿದರು. "ಹುಡುಗರ ಮಾತು ಕೇಳಿ ಸಾಲಿ ನಡಸ್ತೀರೇನ್ರಿ?" ಎಂದು ಹೆಡ್ ಮಾಸ್ತರರು ನಮ್ಮೆದುರೇ ರೇಗಿದರು. "ಸಾಲಿ ಅವರದೇ ಅಲ್ಲೇನ್ರಿ ಸರ್," ಎಂದು ಇವರು ಕೈಗೆ ಮೆತ್ತಿದ ಸಿಮೆಂಟು ತೊಳೆದುಕೊಂಡರು. ಮುಂದಿನ ವರ್ಷ ಅವರಿಗೆ ತಾಂಡೂರಿನ ಕಡೆ ವರ್ಗವಾಯಿತು. ಆ ಹೆಚ್ಚಿನ ಕಾಳು ಹಾಕಿದವಳು ನಾನು ಎಂದು ಹೇಳಬೇಕೆಂದುಕೊಂಡೇ ವರ್ಷಗಳು ಕಳೆದವು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು...

ಈಗ ನಾನೂ ಟೀಚರ್. ಜಹೀರಾಬಾದಿನಿಂದ ದಿನಾ ಆಟೋದಲ್ಲಿ ಬಂದು ಹೋಗಿ, ರಜಿಸ್ಟರು, ಫಾರಮ್ಮು, ಫೋಟೋ ಎಂದು ಸಾಕಾಗಿಹೋಗಿದೆ. ನಿನ್ನೆ ಒಬ್ಬ ಹುಡುಗಿ, "ಮೇಡಂ, ಈ ಸಲ ಊರ ಕೆಲಸ ಏನಂತ ನಾವು ಹೇಳೋಣೇನ್ರಿ?" ಎಂದು ಕೇಳಿದ್ದಳು. "ಮುಂದಿನ ವರ್ಷ ನೋಡೋಣ," ಅಂದಿದ್ದೆ.

ಠಸ್ಸೆಗಾಗಿ ಕಾದಿರುವ, ಈ ವರ್ಷದ ಊರ ಕೆಲಸದ ಫಾರಮ್ಮು ಮೇಜಿನ ಮೇಲಿದೆ. 'ಮಕ್ಕಳ ಆಯ್ಕೆ' ಎಂಬಲ್ಲಿ 'ಸಸಿ ನೆಡುವುದು' ಎಂದು ಬರೆದಿದೆ. ನನ್ನ ಅದೇ ದುಂಡಗಿನ ಅಕ್ಷರ. ಅಂದು ಎಂಟು ಕಾಳು ಹೆಚ್ಚಿಗೆ ಹಾಕಿದ್ದೆ. ಈ ಸಲ ನಲವತ್ತೊಂದು ಮಕ್ಕಳ ಕಾಳನ್ನೂ ನಾನೇ ಹಾಕಿದ್ದೇನೆ. 'ಮತ್ತ ಹಾಕ್ರಿ' ಎನ್ನಲು ಮಾಸ್ತರು ಇಲ್ಲ.